ಮಗಳ ತಲೆಗೆ ಇದನ್ನು ತುಂಬಿದ್ದು ಯಾರು?

ಓದುಗರ ಪ್ರಶ್ನೆ: ನಾನು ಹಾವೇರಿ ಜಿಲ್ಲೆಯಲ್ಲಿ ಪ್ರೌಢಶಾಲಾ ಶಿಕ್ಷಕ. ಮಗಳು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಏಳನೇ ಸೆಮಿಸ್ಟರ್ ಮುಗೀತಾ ಬಂತು. ಕ್ಯಾಂಪಸ್ ಸಂದರ್ಶನದಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷದ ಕೆಲಸ ಸಿಕ್ಕಿದೆ. ಈಗ ಅದಕ್ಕೆ ಹೋಗಲ್ಲ ಅಂತಾಳೆ. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗಾಗಿ ಗೆಳತಿಯರ ಜೊತೆ ಸೇರಿ ಒಂದು ಸಣ್ಣ ಯಂತ್ರ ಮಾಡಿದ್ದಾಳೆ. ಅದರ ಮೇಲೆ 'ಸಾಮಾಜಿಕ ಉದ್ಯಮ' ಕಟ್ಟುತ್ತಾಳಂತೆ. ಕಾಲೇಜಿನ ಸ್ಪರ್ಧೆಯೊಂದರಲ್ಲಿ ಬಹುಮಾನವೂ ಬಂದಿದೆ. ಶಿಕ್ಷಣ ಸಾಲ ಮೂರು ಲಕ್ಷ ಎಂಬತ್ತು ಸಾವಿರ ಇದೆ. ಮಗ ಈಗಷ್ಟೇ ಪಿಯುಸಿ. ನನ್ನ ತಾಯಿ ಇಪ್ಪತ್ತು ವರ್ಷ ಅದೇ ತೊಟ್ಟು ಬಿಡಿಸಿ ನನ್ನನ್ನು ಓದಿಸಿದ್ದು, ಈಗ ನಮ್ಮ ಜೊತೆಗೇ ಇದ್ದಾರೆ. ಅಂಥ ಮನೆಯ ಹುಡುಗಿ ಓದಿ ಮತ್ತೆ ಅದೇ ಮೆಣಸಿನಕಾಯಿ ರಾಶಿಗೆ ಬರಬೇಕಾ? ಸಮಾಜಸೇವೆ ಬೇಡ ಅನ್ನಲ್ಲ, ಮೊದಲು ತನ್ನ ಕಾಲ ಮೇಲೆ ನಿಲ್ಲಲಿ. ಇದನ್ನೆಲ್ಲ ಅವಳ ತಲೆಗೆ ತುಂಬಿದ್ದು ಯಾರು? ಎರಡು ವರ್ಷದಲ್ಲಿ ಇಳಿದುಹೋಗುವ ಹುಚ್ಚಾ ಇದು? ತಡೀಲಾ, ಬಿಡ್ಲಾ?

ಉತ್ತರ:

ಸರ್, ತಲೆಗೆ ತುಂಬಿದ್ದು ಯಾರು ಅಂತ ಕೇಳಿದ್ದೀರಿ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀವು ಅದನ್ನು ಹಾಗೇ ಹೋಗ್ತಾ ಹೋಗ್ತಾ ಬರೆದಿದ್ದೀರಿ. ನಿಮ್ಮ ತಾಯಿ ಇಪ್ಪತ್ತು ವರ್ಷ ತೊಟ್ಟು ಬಿಡಿಸಿದ್ದಾರೆ. ಆ ಮನೆಯಲ್ಲಿ ಬೆಳೆದ ಹುಡುಗಿಗೆ ಕೈ ಉರಿ ಅಂದರೇನು ಅಂತ ಯಾವ ಮೇಷ್ಟ್ರೂ ಹೇಳಿಕೊಡಬೇಕಾಗಿಲ್ಲ.

ಉಳಿದ ಅರ್ಧ ಉತ್ತರ ಸ್ವಲ್ಪ ಉದ್ದ ಇದೆ. ನಾನು ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಇಂಥ ಹುಡುಗ ಹುಡುಗಿಯರ ಜೊತೆ ಹದಿನೈದು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದ್ದೇನೆ. ಅದಕ್ಕೂ ಮೊದಲು ನಾನೇ ಒಂದು ಉದ್ಯಮ ಶುರು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಅದನ್ನೂ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಕಂಡ ಭಯ ಮೂರು. ಇದು ವಯಸ್ಸಿನ ಹುಚ್ಚು ಅನ್ನೋದು ಒಂದು. ಇದು ಸಮಾಜಸೇವೆ, ಇದರಲ್ಲಿ ಹೊಟ್ಟೆ ತುಂಬಲ್ಲ ಅನ್ನೋದು ಇನ್ನೊಂದು. ಮೂರನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ: ಒಂದು ತಲೆಮಾರು ಪಾಡುಪಟ್ಟು ದಾಟಿ ಬಂದ ಜಾಗಕ್ಕೆ ಮಗಳು ವಾಪಸ್ ಹೋಗ್ತಿದ್ದಾಳಲ್ಲ ಅನ್ನೋ ಸಂಕಟ. ಕೊನೆಯದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಮೊದಲ ಎರಡರ ಬಗ್ಗೆ ಮಾತಾಡೋಣ.

ಕನಿಕರದಿಂದ ಮಕ್ಕಳು ಈ ದಾರಿಗೆ ಬರ್ತಾರೆ ಅಂತ ಎಲ್ಲರೂ ತಿಳಿದಿದ್ದಾರೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಎನ್‌ಎಸ್‌ಎಸ್ ಶಿಬಿರಕ್ಕೆ ಹೋದ ಮಕ್ಕಳನ್ನು ನೋಡಿ. ಏಳು ದಿನ ಹಳ್ಳಿಯಲ್ಲಿದ್ದು ಬಂದಾಗ ಎಲ್ಲರ ಕಣ್ಣಲ್ಲೂ ನೀರು. ತಿಂಗಳು ಕಳೆದರೆ ಎಲ್ಲರೂ ಆಪ್ಟಿಟ್ಯೂಡ್ ಪುಸ್ತಕ ಹಿಡಿದು ಕೂತಿರ್ತಾರೆ. ಅವರ ಕನಿಕರ ಸುಳ್ಳಲ್ಲ. ಅದೊಂದರಿಂದಲೇ ಯಾರೂ ಉದ್ಯಮಕ್ಕೆ ಇಳಿಯೋದಿಲ್ಲ, ಅಷ್ಟೆ.

ಇದರ ಮೇಲೆ ಅಧ್ಯಯನಗಳೂ ನಡೆದಿವೆ. 2006ರಲ್ಲಿ ಯೊಹಾನಾ ಮೇರ್ ಮತ್ತು ಎರ್ನೆಸ್ಟೊ ನೊಬೊವಾ ಅನ್ನೋ ಇಬ್ಬರು ಸಂಶೋಧಕರು ಸಾಮಾಜಿಕ ಉದ್ಯಮ ಮಾಡಬೇಕು ಅನ್ನೋ ಇಚ್ಛೆಯ ಹಿಂದೆ ನಾಲ್ಕು ಎಳೆ ಗುರುತಿಸಿದರು. ಇನ್ನೊಬ್ಬರ ಕಷ್ಟ ನಾಟುವುದು, ಇದನ್ನು ಸರಿಪಡಿಸೋದು ನನ್ನ ಹೊಣೆ ಅನ್ನಿಸುವುದು, ನನ್ನ ಕೈಲಿ ಆಗುತ್ತೆ ಅನ್ನೋ ನಂಬಿಕೆ, ಬೆನ್ನಿಗೆ ಯಾರೋ ಇದ್ದಾರೆ ಅನ್ನೋ ಧೈರ್ಯ. 2017ರಲ್ಲಿ ಕಾಯ್ ಹಾಕರ್ಟ್ಸ್ ಇದಕ್ಕೆ ಐದನೆಯದನ್ನು ಸೇರಿಸಿ ಅಳೆದು ನೋಡಿದರು: ಆ ಸಮಸ್ಯೆಯ ಜೊತೆ ಮೊದಲೇ ಒಡನಾಟ ಇತ್ತಾ? ಇದ್ದವರಲ್ಲಿ ಈ ಇಚ್ಛೆ ಜಾಸ್ತಿ ಕಂಡಿತು. ಎಲ್ಲದಕ್ಕಿಂತ ಹೆಚ್ಚು ತೂಕ ಬಂದದ್ದು 'ನನ್ನ ಕೈಲಿ ಆಗುತ್ತೆ' ಅನ್ನೋದಕ್ಕೆ. ಮರುವರ್ಷ ಬಂದ ಇನ್ನೊಂದು ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಕನಿಕರ ನೇರವಾಗಿ ಕೆಲಸ ಮಾಡಲ್ಲ. ನನಗೆ ಆಗುತ್ತೆ, ನಾನು ಅಲ್ಲಿ ಬೇಕಾದವಳು ಅನ್ನಿಸಿದಾಗ ಮಾತ್ರ ಅದು ಮುಂದಕ್ಕೆ ತಳ್ಳುತ್ತೆ.

ಇಲ್ಲಿ ಒಂದು ಮಾತು ನೆನಪಿರಲಿ. ಇವೆಲ್ಲ ಅಳೆದದ್ದು ಇಚ್ಛೆಯನ್ನು. 'ಮಾಡ್ತೀನಿ' ಅಂದವರಲ್ಲಿ ಎಷ್ಟು ಜನ ಮಾಡಿದರು, ಎಷ್ಟು ಜನ ಉಳಿದರು ಅನ್ನೋದು ಬೇರೆಯೇ ಕಥೆ.

ಕ್ಯಾಂಪಸ್‌ನಲ್ಲಿ ನಾನು ನೋಡಿದ್ದೂ ಇದಕ್ಕೆ ಹೊಂದುತ್ತದೆ. ಈ ದಾರಿಗೆ ಬರುವ ಹುಡುಗರ ಹಿಂದೆ ಹೆಚ್ಚಾಗಿ ಒಂದು ಸಣ್ಣ ಗೆಲುವು ಇರುತ್ತೆ. ಹಾಸ್ಟೆಲ್ಲಿನ ಉಳಿದ ಅನ್ನವನ್ನು ಗೊಬ್ಬರ ಮಾಡಿದ್ದು. ಅಂಧರ ಶಾಲೆಯ ಮಕ್ಕಳಿಗೆ ಆಡಿಯೋ ಪಾಠ ಮಾಡಿಕೊಟ್ಟದ್ದು. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ನಿನ 'ಲೀಡ್' ಕಾರ್ಯಕ್ರಮ ನಿಂತಿರೋದೇ ಈ ತಿಳಿವಳಿಕೆಯ ಮೇಲೆ. ವಿದ್ಯಾರ್ಥಿಗೆ ಸಣ್ಣ ಮೊತ್ತ ಕೊಡ್ತಾರೆ, ಊರಿನ ಒಂದು ಸಮಸ್ಯೆ ಹಿಡಿದು ಏನಾದರೂ ಮಾಡಿ ತೋರಿಸು ಅಂತಾರೆ. ಮೊತ್ತ ಮುಖ್ಯ ಅಲ್ಲ. ನಾನು ಹೇಳಿದ್ದು ನಡೀತು, ಹತ್ತು ಜನ ಹುಂ ಅಂದರು ಅನ್ನೋ ಅನುಭವ ಇಪ್ಪತ್ತರ ವಯಸ್ಸಿಗೆ ಬಹಳ ದೊಡ್ಡದು. ನಿಮ್ಮ ಮಗಳ ಯಂತ್ರ ಮೊದಲ ಸಲ ತಿರುಗಿದಾಗ ಅವಳಿಗೆ ಆಗಿರೋದು ಅದೇ.

ಅಷ್ಟು ಚೆಂದ ಅಲ್ಲದ ಕಾರಣಗಳೂ ಇವೆ. ಅವನ್ನು ಮುಚ್ಚಿಡಲ್ಲ. ಪ್ಲೇಸ್‌ಮೆಂಟ್ ಆಗದೆ ಹೋದಾಗ 'ನಾನು ಸ್ಟಾರ್ಟಪ್ ಮಾಡ್ತಿದ್ದೀನಿ' ಅನ್ನೋದು ಮರ್ಯಾದೆ ಉಳಿಸುವ ಉತ್ತರ. ವಿದೇಶದಲ್ಲಿ ಎಂಎಸ್ ಅರ್ಜಿಗೆ ಇದು ಚೆನ್ನಾಗಿ ಕಾಣುತ್ತೆ. ಪಿಚ್ ಸ್ಪರ್ಧೆಗಳ, ಅಂದರೆ ತೀರ್ಪುಗಾರರ ಮುಂದೆ ಉದ್ಯಮದ ಕಲ್ಪನೆ ಒಪ್ಪಿಸುವ ಸ್ಪರ್ಧೆಗಳ ಚಟ ಹತ್ತಿದವರೂ ಇದ್ದಾರೆ. ಒಂದೇ ಸ್ಲೈಡ್ ಹಿಡಿದು ಊರೂರು ತಿರುಗಿ ಬಹುಮಾನ ತರ್ತಾರೆ, ಸ್ಲೈಡಿನಲ್ಲಿರುವ ಊರಿಗೆ ಎರಡನೇ ಸಲ ಹೋಗಿರಲ್ಲ. ಇನ್ನು ಕೆಲವರನ್ನು ಅಣ್ಣಂದಿರ ಕಥೆ ಹೆದರಿಸುತ್ತೆ. ಬೆಂಗಳೂರಿನ ಪಿಜಿಯಲ್ಲಿ, ಕಂಪನಿಯ ಯಾವ ಪ್ರಾಜೆಕ್ಟೂ ಸಿಗದೆ 'ಬೆಂಚ್' ಮೇಲೆ ಕೂತು ದಿನ ಎಣಿಸುವ ಸೀನಿಯರ್ ಫೋನ್ ಮಾಡಿ ಗೋಳಾಡಿದರೆ, ನಾಲ್ಕೂವರೆ ಲಕ್ಷದ ಆಫರ್ ಅಷ್ಟು ಸಿಹಿ ಅನ್ನಿಸಲ್ಲ.

ನಿಮ್ಮ ಮಗಳು ಇದರಲ್ಲಿ ಯಾವ ಗುಂಪು? ಕೈಯಲ್ಲಿ ಕೆಲಸ ಇದೆ, ಹಾಗಾಗಿ ಸೋಲು ಮುಚ್ಚುವ ನೆಪ ಅಲ್ಲ. ಮನೆಯಲ್ಲಿ ಅಜ್ಜಿ ಇದ್ದಾರೆ, ಹಾಗಾಗಿ ಸ್ಲೈಡಿನ ಕನಿಕರವೂ ಅಲ್ಲ ಅಂದುಕೊಳ್ಳುತ್ತೇನೆ. ಬಹುಮಾನದ ಮಾತೊಂದು ನನಗೆ ಸ್ವಲ್ಪ ಅನುಮಾನ. ಅದನ್ನು ಪರೀಕ್ಷೆ ಮಾಡುವ ಸುಲಭ ದಾರಿ ಇದೆ. ಬಹುಮಾನ ಬಂದ ಮೇಲೆ ಎಷ್ಟು ಸಲ ಬ್ಯಾಡಗಿಗೆ ಹೋಗಿದ್ದಾಳೆ ಅಂತ ಕೇಳಿ.

ಈಗ 'ಸಮಾಜಸೇವೆ' ಅನ್ನೋ ಮಾತಿಗೆ ಬರೋಣ. ನಮ್ಮಲ್ಲಿ ಸೇವೆ ಅಂದರೆ ದುಡ್ಡು ಮುಟ್ಟಬಾರದು, ಉದ್ಯಮ ಅಂದರೆ ದುಡ್ಡೇ ಎಲ್ಲ ಅಂತ ಎರಡು ಖಾನೆ ಮಾಡಿಟ್ಟಿದ್ದೇವೆ. ಸಾಮಾಜಿಕ ಉದ್ಯಮ ಈ ಎರಡರ ನಡುವಿನದು. ಮಧುರೈನ ಅರವಿಂದ ಕಣ್ಣಾಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾಯಿತು. ದುಡ್ಡು ಕೊಡಬಲ್ಲವರ ಹಣದಲ್ಲಿ ಕೊಡಲಾರದವರ ಆಪರೇಷನ್ನೂ ನಡೆಯುವ ಲೆಕ್ಕಾಚಾರದ ಮೇಲೆ ಅದು ಬೆಳೆಯಿತು. ಅಲ್ಲಿ ಡಾಕ್ಟರಿಗೂ ಸಂಬಳ ಇದೆ, ನರ್ಸಿಗೂ ಇದೆ.

ಬಡವರ ಮನೆಗೆ ಸೋಲಾರ್ ದೀಪ ಮುಟ್ಟಿಸುವ ನಮ್ಮ ಸೆಲ್ಕೋ ಕಂಪನಿಯ ಕಥೆ ನಿಮ್ಮ ಮಗಳಿಗೆ ಇನ್ನೂ ಹತ್ತಿರದ್ದು. ಹರೀಶ್ ಹಂದೆ ಐಐಟಿ ಖರಗ್‌ಪುರದಲ್ಲಿ ಓದಿ ಅಮೆರಿಕದಲ್ಲಿ ಸೌರಶಕ್ತಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಡೊಮಿನಿಕನ್ ರಿಪಬ್ಲಿಕ್‌ಗೆ ಹೋದಾಗ ಅಲ್ಲಿನ ಬಡವರು ಸ್ವಂತ ದುಡ್ಡು ಕೊಟ್ಟು ಸೋಲಾರ್ ದೀಪ ಹಾಕಿಸಿಕೊಂಡದ್ದನ್ನು ಕಂಡರು. ಅವರ ಓದಿನ ದಿಕ್ಕೇ ತಿರುಗಿತು. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಶುರುವಾಯಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪೋಸ್ಟರ್‌ನಲ್ಲಿ ಪ್ರಶಸ್ತಿ ಕಾಣುತ್ತೆ. ನಡುವಿನ 16 ವರ್ಷ ಕಾಣಲ್ಲ. ಆ ವರ್ಷಗಳ ದೊಡ್ಡ ಭಾಗ ಹೋದದ್ದು ಗ್ರಾಮೀಣ ಬ್ಯಾಂಕುಗಳ ಮ್ಯಾನೇಜರುಗಳ ಮೇಜಿನ ಮುಂದೆ, ಬಡವರಿಗೆ ಸೋಲಾರ್ ಸಾಲ ಕೊಡಿ ಅಂತ ಒಪ್ಪಿಸೋದಕ್ಕೆ. ಹಂದೆಯವರು ಹೇಳುವ ಒಂದು ಪ್ರಸಂಗ ಇದೆ. ಬೀದಿ ವ್ಯಾಪಾರ ಮಾಡುವ ಹೆಂಗಸಿಗೆ ತಿಂಗಳಿಗೆ 300 ರೂಪಾಯಿ ಕಂತು ಅಂದರೆ ಕಷ್ಟ, ದಿನಕ್ಕೆ 10 ರೂಪಾಯಿ ಅಂದರೆ ಆರಾಮ. ಲೆಕ್ಕ ಒಂದೇ. ಆದರೆ ಅವಳ ಕೈಗೆ ದುಡ್ಡು ಬರೋದು ದಿನದ ಲೆಕ್ಕದಲ್ಲಿ. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ತಲೆಯಾಡಿಸ್ತಾರೆ. ಆಮೇಲೆ ತಮ್ಮ ಯೋಜನೆಯಲ್ಲಿ ತಿಂಗಳ ಕಂತನ್ನೇ ಬರೀತಾರೆ!

ಇನ್ನೊಂದು ಉದಾಹರಣೆ ಹುಬ್ಬಳ್ಳಿಯದೇ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ ಅಲೀನಾ ಆಲಂ 2017ರಲ್ಲಿ ಮಿಟ್ಟಿ ಕೆಫೆ ಶುರು ಮಾಡಿದ್ದು ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿದ್ದ ಹಾಳು ತಗಡಿನ ಶೆಡ್ಡೊಂದರಲ್ಲಿ. ಅಂಗವೈಕಲ್ಯ ಇರುವವರೇ ಅಡುಗೆ ಮಾಡಿ ಬಡಿಸುವ ಕೆಫೆ. ಅದು ನಂತರ ಬೇರೆ ಬೇರೆ ಊರುಗಳಿಗೆ ಹಬ್ಬಿತು. ನಿಮ್ಮ ಮಗಳಂಥವರಿಗೆ ಇದು ಓದಿದ ಕಥೆ ಅಲ್ಲ, ಕಣ್ಣಾರೆ ಕಂಡದ್ದು. ಚಹಾ ಕುಡೀತಾ ಕುಡೀತಾ 'ಇದು ಸಾಧ್ಯ' ಅನ್ನೋದು ಒಳಗಿಳಿಯುತ್ತೆ. ಯಾರು ತಲೆಗೆ ತುಂಬಿದರು ಅನ್ನೋ ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ.

ಹಾಗಂತ ಹೆಸರಲ್ಲಿ 'ಸಾಮಾಜಿಕ' ಇದ್ದ ಮಾತ್ರಕ್ಕೆ ಎಲ್ಲ ಒಳ್ಳೆಯದೇ ಆಗುತ್ತೆ ಅನ್ನೋದೂ ಭ್ರಮೆ. ಕಿರುಸಾಲಕ್ಕೆ, ಅಂದರೆ ಮೈಕ್ರೋಫೈನಾನ್ಸ್‌ಗೆ, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಮತ್ತು ಅವರ ಗ್ರಾಮೀಣ ಬ್ಯಾಂಕಿಗೆ. ನಮ್ಮ ರಾಜ್ಯದಲ್ಲಿ ಅದೇ ಕಿರುಸಾಲದ ವಸೂಲಿ ಕಾಟ ಎಲ್ಲಿಗೆ ಮುಟ್ಟಿತು ಅಂದರೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ತಡೆಯಬೇಕಾಯಿತು. ನಿಮ್ಮ ಕಡೆಯ ಹೆಂಗಸರಲ್ಲಿ ಎಷ್ಟು ಜನರ ಮೇಲೆ ಆ ಸಾಲದ ಹೊರೆ ಇದೆ ಅಂತ ನನಗಿಂತ ನಿಮಗೆ ಗೊತ್ತು. ಯಂತ್ರ ಕೊಳ್ಳೋದಕ್ಕೆ ಅವರ ತಲೆ ಮೇಲೆ ಇನ್ನೊಂದು ಸಾಲ ಹೊರಿಸುವ ಯೋಚನೆ ಮಗಳಿಗಿದ್ದರೆ, ಮೊದಲು ಈ ಸಂಗತಿ ಅವಳ ಜೊತೆ ಮಾತಾಡಿ.

ನನ್ನ ಕಥೆ ಹೇಳ್ತೀನಿ ಅಂದಿದ್ದೆ. 2008ರಲ್ಲಿ ನಾನು ಪಾಠ ಹೇಳುವ ಕೆಲಸ ಬಿಟ್ಟು, ಧಾರವಾಡದ ಸುತ್ತಲಿನ ಹೆಂಗಸರ ಜೊತೆ ಕೌದಿ ಹೊಲಿಸುವ ಉದ್ಯಮ ಶುರು ಮಾಡಿದೆ. ಹಳೇ ಸೀರೆ, ಕೈಹೊಲಿಗೆ, ಬೆಂಗಳೂರಿನ ಗಿರಾಕಿ. ಕೌದಿ ಚೆನ್ನಾಗೇ ಇದ್ದವು. ಒಂದು ದೊಡ್ಡ ಅಂಗಡಿಯವರು 400 ಕೌದಿಗೆ ಆರ್ಡರ್ ಕೊಟ್ಟರು. ನಾವು ಸಿಹಿ ಹಂಚಿದೆವು. ಮಾಲು ಕಳಿಸಿದ ಮೇಲೆ ದುಡ್ಡು ಬಂದದ್ದು ಏಳು ತಿಂಗಳಿಗೆ. ಹೊಲಿದವರಿಗೆ ವಾರದ ಕೂಲಿ ಬೇಕು, ಅಂಗಡಿಗೆ ಉದರಿ ಬೇಕು. ನಡುವೆ ನಾನು. ಎರಡು ಬಳೆ ಅಡವಿಟ್ಟು ಕೂಲಿ ಕೊಟ್ಟೆ. ಆಮೇಲೆ ಬಳೆ ಇರಲಿಲ್ಲ. ಉದ್ಯಮ ಮುಚ್ಚಿತು. ಆ ಹೆಂಗಸರಲ್ಲಿ ಇಬ್ಬರು ಇವತ್ತಿಗೂ ನನ್ನ ಕಂಡರೆ ಮುಖ ತಿರುಗಿಸ್ತಾರೆ, ಕೊನೆಯ ಮೂರು ವಾರದ ಕೂಲಿ ಅವರಿಗೆ ತಡವಾಗಿ ಮುಟ್ಟಿತು. ನನ್ನ ಕಾಳಜಿಯಲ್ಲಿ ಏನೂ ಕೊರತೆ ಇರಲಿಲ್ಲ. ಲೆಕ್ಕದಲ್ಲಿ ಇತ್ತು.

ಅದಕ್ಕೇ ನಾನು ಈಗ ಯಾವ ವಿದ್ಯಾರ್ಥಿ ಬಂದರೂ 'ನಿನಗೆ ಯಾಕೆ ಇದು ಬೇಕು' ಅಂತ ಒಂದೇ ಸಲ ಕೇಳ್ತೀನಿ. 'ದುಡ್ಡು ಯಾರು ಕೊಡ್ತಾರೆ, ಯಾವಾಗ ಕೊಡ್ತಾರೆ' ಅಂತ ಹತ್ತು ಸಲ ಕೇಳ್ತೀನಿ.

ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಡೋನೂ ಸಾಮಾನು ಒಯ್ಯೋನೂ ಒಬ್ಬನೇ. ಸಾಮಾಜಿಕ ಉದ್ಯಮದಲ್ಲಿ ಹೆಚ್ಚಾಗಿ ಇಬ್ಬರು ಬೇರೆ. ನಿಮ್ಮ ಮಗಳ ಯಂತ್ರದಲ್ಲಿ ಉಪಯೋಗ ಆಗಬೇಕಾದವಳು ತೊಟ್ಟು ಬಿಡಿಸುವ ಹೆಂಗಸು. ದುಡ್ಡು ಕೊಡುವವನು ವರ್ತಕ ಅಥವಾ ಮಸಾಲೆ ಕಂಪನಿ. ವರ್ತಕನಿಗೆ ಬೇಕಾದದ್ದು ತೊಟ್ಟಿಲ್ಲದ, ಮುರಿಯದ, ಬಣ್ಣ ಕೆಡದ ಕಾಯಿ. ಹೆಂಗಸಿಗೆ ಬೇಕಾದದ್ದು ಉರಿ ಇಲ್ಲದ ಕೈ ಮತ್ತು ಸಂಜೆಗೆ ಕೂಲಿ. ಈ ಎರಡೂ ಒಂದೇ ಯಂತ್ರದಲ್ಲಿ ಸಿಗುತ್ತಾ?

ಇನ್ನೂ ಕಷ್ಟದ ಪ್ರಶ್ನೆ ಅದರ ಹಿಂದೆಯೇ ಇದೆ. ಯಂತ್ರ ಹತ್ತು ಹೆಂಗಸರ ಕೆಲಸ ಮಾಡಿದರೆ, ಒಬ್ಬಳು ಯಂತ್ರ ಓಡಿಸ್ತಾಳೆ, ಒಂಬತ್ತು ಜನ ಮನೆಗೆ ಹೋಗ್ತಾರೆ. ಕೂಲಿ ಇರೋದು ಕಿಲೋ ಲೆಕ್ಕದಲ್ಲಿ. ಯಂತ್ರ ವರ್ತಕನ ಗೋದಾಮಿನಲ್ಲಿ ಕೂತರೆ ಉಳಿತಾಯ ಅವನದು. ಅದೇ ಯಂತ್ರ ಹೆಂಗಸರ ಸಂಘದ ಹೆಸರಲ್ಲಿದ್ದು, ಅವರೇ ವರ್ತಕನಿಂದ ಕಿಲೋಗೆ ಇಷ್ಟು ಅಂತ ಗುತ್ತಿಗೆ ಹಿಡಿದರೆ ಉಳಿತಾಯ ಅವರದು. ಕಬ್ಬಿಣ ಅದೇ, ಮೋಟರ್ ಅದೇ. ಒಡೆತನ ಬದಲಾದರೆ ಉಪಕಾರ ಹೋಗಿ ಅಪಕಾರ ಆಗುತ್ತೆ. ಮಗಳ ಯೋಜನೆಯಲ್ಲಿ ಯಂತ್ರ ಯಾರದು ಅಂತ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಅದು ಇನ್ನೂ ಎಂಜಿನಿಯರಿಂಗ್ ಪ್ರಾಜೆಕ್ಟ್, ಸಾಮಾಜಿಕ ಉದ್ಯಮ ಆಗಿಲ್ಲ.

ಹಂಗಾಮಿನ ಮಾತೂ ಇದೆ. ಬ್ಯಾಡಗಿಗೆ ಕಾಯಿ ಜೋರಾಗಿ ಬರೋದು ಕೆಲವೇ ತಿಂಗಳು. ಉಳಿದ ಕಾಲ ಯಂತ್ರ ಏನು ಮಾಡುತ್ತೆ? ಬೆಲೆ ಬಿದ್ದ ವರ್ಷ ಏನಾಗುತ್ತೆ? 2024ರ ಮಾರ್ಚ್‌ನಲ್ಲಿ ದರ ಕುಸಿದು ರೊಚ್ಚಿಗೆದ್ದ ರೈತರು ಅಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬೇಕು. ಅಂಥ ವರ್ಷ ವರ್ತಕ ಮೊದಲು ಕತ್ತರಿಸೋದು ಇಂಥ ಖರ್ಚನ್ನೇ.

ಇಷ್ಟೆಲ್ಲ ಹೇಳಿದ್ದು ಹೆದರಿಸೋಕಲ್ಲ. ಈ ಪ್ರಶ್ನೆಗಳಿಗೆ ಮಗಳು ಉತ್ತರ ಹುಡುಕುತ್ತಿದ್ದರೆ ಇದು ಹುಚ್ಚಲ್ಲ. ಕೇಳಿದ ಕೂಡಲೇ ಸಿಟ್ಟಾಗಿ 'ನಿಮಗೆ ಅರ್ಥ ಆಗಲ್ಲ ಬಿಡಿ' ಅಂದರೆ ಸ್ವಲ್ಪ ಯೋಚಿಸಿ. ಆದರೂ, ಸರ್, ಆ ಸಿಟ್ಟಿಗೂ ಎರಡು ದಿನ ಸಮಯ ಕೊಡಿ. ಅಪ್ಪ ಮೇಷ್ಟ್ರಾದರೆ ಪ್ರತಿ ಪ್ರಶ್ನೆಯೂ ಮಕ್ಕಳಿಗೆ ಪರೀಕ್ಷೆ ಥರ ಕೇಳುತ್ತೆ.

ಈಗ ಮುಂದಿನ ದಾರಿಗಳು.

ಒಂದು, ನೀವು ಹೇಳಿದ ಹಾಗೆ ಕೆಲಸಕ್ಕೆ ಸೇರೋದು. ಸಾಲ ತೀರುತ್ತೆ, ಕಂಪನಿ ಅಂದರೇನು ಅಂತ ಗೊತ್ತಾಗುತ್ತೆ. ಇದರ ಅಪಾಯ ಯಾರೂ ಹೇಳಲ್ಲ. ಶನಿವಾರ ಭಾನುವಾರ ಯಂತ್ರದ ಕೆಲಸ ಮಾಡ್ತೀನಿ ಅಂತ ಹೋದವರು ಬೆಂಗಳೂರಿನಲ್ಲಿ ಶನಿವಾರ ಬಟ್ಟೆ ಒಗೆದು, ಭಾನುವಾರ ನಿದ್ದೆ ಮಾಡ್ತಾರೆ. ಎರಡು ವರ್ಷ ಕಳೆದರೆ ಹೆಂಗಸರ ಜೊತೆಗಿನ ನಂಟು ಸಡಿಲ ಆಗುತ್ತೆ. ಜೊತೆಗೆ ನೆಂಟರ ಮದುವೆ ಮಾತು ಶುರುವಾಗುತ್ತೆ. ಹುಡುಗನಿಗಾದರೆ 'ಇನ್ನೆರಡು ವರ್ಷ ಪ್ರಯತ್ನ ಮಾಡಲಿ' ಅನ್ನುವ ಮನೆಗಳು ಹುಡುಗಿಗೆ ಆ ಎರಡು ವರ್ಷ ಕೊಡಲ್ಲ. ನಿಮ್ಮ ಮನೆ ಹಾಗಲ್ಲ ಅಂದುಕೊಂಡೇ ಬರೀತಿದ್ದೀನಿ. ಇನ್ನೊಂದು, ಆಫರ್ ಲೆಟರ್ ಬಂದ ಮೇಲೂ ಸೇರುವ ದಿನ ತಿಂಗಳುಗಟ್ಟಲೆ ಮುಂದಕ್ಕೆ ಹೋದದ್ದನ್ನು ಇತ್ತೀಚಿನ ಬ್ಯಾಚ್‌ಗಳು ನೋಡಿವೆ. ಅದನ್ನು ಕಲ್ಲಿನ ಮೇಲೆ ಬರೆದದ್ದು ಅಂತ ತಿಳಿಯಬೇಡಿ.

ಎರಡನೆಯದು ನನಗೆ ಇಷ್ಟವಾದ ದಾರಿ, ಹೆಚ್ಚಿನ ಮಕ್ಕಳಿಗೆ ಇಷ್ಟ ಆಗಲ್ಲ. ಮೊದಲು ಬೇರೆಯವರ ಉದ್ಯಮದಲ್ಲಿ ಅಥವಾ ಫೆಲೋಶಿಪ್‌ನಲ್ಲಿ ಒಂದೆರಡು ವರ್ಷ ದುಡಿಯೋದು. ಎಸ್‌ಬಿಐ ಯೂತ್ ಫಾರ್ ಇಂಡಿಯಾ 13 ತಿಂಗಳದ್ದು, ಹಳ್ಳಿಯಲ್ಲಿದ್ದು ಸಂಸ್ಥೆಗಳ ಜೊತೆ ಕೆಲಸ ಮಾಡಬೇಕು, ತಿಂಗಳ ಭತ್ಯೆ ಇರುತ್ತೆ. ಓದೇ ಮುಂದುವರಿಸೋದಾದರೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ 2007ರಿಂದ ಸಾಮಾಜಿಕ ಉದ್ಯಮಶೀಲತೆಗೆಂದೇ ಎಂಎ ಇದೆ. ಲಾಭ ಏನಂದರೆ, ತಪ್ಪುಗಳನ್ನು ಬೇರೆಯವರ ದುಡ್ಡಲ್ಲಿ ಮಾಡಿ ಕಲೀಬಹುದು. ಕೌದಿ ಶುರು ಮಾಡೋ ಮೊದಲು ನಾನು ಯಾವುದಾದರೂ ಕರಕುಶಲ ಸಂಸ್ಥೆಯಲ್ಲಿ ಒಂದು ವರ್ಷ ಬಿಲ್ ಬರೆದಿದ್ದರೆ ಬಳೆ ಉಳೀತಿತ್ತು. ನಷ್ಟ ಏನಂದರೆ ಸಂಬಳ ಕಡಿಮೆ. ಫೆಲೋಶಿಪ್ ಮುಗಿಸಿ ಇನ್ನೊಂದು ಫೆಲೋಶಿಪ್, ಅದಾದ ಮೇಲೆ ಮತ್ತೊಂದು ಅಂತ ಸುತ್ತುವವರೂ ಇದ್ದಾರೆ.

ಮೂರನೆಯದು ನೇರವಾಗಿ ಧುಮುಕೋದು. ಹಾಗೆ ಮಾಡೋದಾದರೆ ಇನ್‌ಕ್ಯುಬೇಟರ್ ನೆರಳಲ್ಲಿ, ಅಂದರೆ ಹೊಸ ಉದ್ಯಮಗಳನ್ನು ಕೈಹಿಡಿದು ಬೆಳೆಸುವ ಕೇಂದ್ರದ ಆಸರೆಯಲ್ಲಿ ಮಾಡಲಿ. ಹುಬ್ಬಳ್ಳಿಯಲ್ಲೇ ಇವೆ, ಬೆಂಗಳೂರಿನ ಐಐಎಂನ ಎನ್‌ಎಸ್‌ಆರ್‌ಸಿಇಎಲ್‌ನಲ್ಲೂ ಸಾಮಾಜಿಕ ಉದ್ಯಮಗಳಿಗೆ ಜಾಗ ಇದೆ. ರಾಜ್ಯ ಸರ್ಕಾರದ 'ಎಲಿವೇಟ್' ಯೋಜನೆಯಲ್ಲಿ ಹೊಸ ಕಲ್ಪನೆಗಳಿಗೆ 50 ಲಕ್ಷದವರೆಗೂ ಅನುದಾನ ಉಂಟು. ಆ ಅಂಕಿ ಕೇಳಿ ಯಾರೂ ಕನಸು ಕಾಣಬೇಡಿ. ಅದು ಮೇಲಿನ ಮಿತಿ, ಸ್ಪರ್ಧೆ ಜೋರು. ಮಕ್ಕಳು 'ಸಿಎಸ್‌ಆರ್ ದುಡ್ಡು ಬರುತ್ತೆ' ಅಂತ ಸುಲಭವಾಗಿ ಹೇಳ್ತಾರೆ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ದುಡ್ಡು. ಕಂಪನಿಗಳ ಸಿಎಸ್‌ಆರ್ ಹಣ ಪಡೆದು ಕೆಲಸ ಮಾಡುವ ಹೊರಗಿನ ಸಂಸ್ಥೆಗೆ ಸಾಮಾನ್ಯವಾಗಿ ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು ಅಂತ ನಿಯಮವೇ ಇದೆ. ನಿನ್ನೆ ಹುಟ್ಟಿದ ಸಂಸ್ಥೆಗೆ ನೇರವಾಗಿ ಸಿಗಲ್ಲ.

ನೋಂದಣಿಯ ವಿಷಯದಲ್ಲಿ ಎಲ್ಲರಿಗೂ ಅವಸರ. ಸೆಕ್ಷನ್ 8 ಕಂಪನಿ, ಅಂದರೆ ಸಮಾಜದ ಉದ್ದೇಶಕ್ಕೆ ಅಂತಲೇ ಇರುವ ಕಂಪನಿ ಮಾಡಿಬಿಡೋಣ ಅಂತಾರೆ. ಅದರಲ್ಲಿ ಲಾಭ ಮಾಡಬಹುದು, ಆದರೆ ಹಂಚಿಕೊಳ್ಳೋ ಹಾಗಿಲ್ಲ. ಹಾಗಾಗಿ ಪಾಲು ಬಯಸುವ ಹೂಡಿಕೆದಾರ ಬರಲ್ಲ. ಪ್ರೈವೇಟ್ ಲಿಮಿಟೆಡ್ ಮಾಡಿದರೆ ಹೂಡಿಕೆ ಬರಬಹುದು, ದಾನ ಬರಲ್ಲ. ಹೆಂಗಸರೇ ಒಡೆಯರಾಗಬೇಕು ಅಂದರೆ ಸಹಕಾರಿ ಸಂಘ ಅಥವಾ ನಮ್ಮ ರಾಜ್ಯದ 1997ರ ಸೌಹಾರ್ದ ಸಹಕಾರಿ ಕಾಯ್ದೆಯ ದಾರಿ ಇದೆ. ಕೆಲಸ ನಿಧಾನ, ಸಭೆ ಜಾಸ್ತಿ. ಒಂದು ಹಂಗಾಮು ಮುಗಿಯೋವರೆಗೂ ಏನನ್ನೂ ನೋಂದಾಯಿಸಬೇಡಿ ಅನ್ನೋದು ನನ್ನ ಸಲಹೆ. ನೋಂದಣಿ ಆದ ಕಂಪನಿಗೆ ಕೆಲಸ ಇದ್ದರೂ ಇಲ್ಲದಿದ್ದರೂ ಪ್ರತಿ ವರ್ಷ ಲೆಕ್ಕ ಸಲ್ಲಿಸಬೇಕು, ಆಡಿಟರ್‌ಗೆ ಫೀಸು ಕೊಡಬೇಕು.

ನೀವು 'ತಡೀಲಾ, ಬಿಡ್ಲಾ' ಅಂತ ಕೇಳಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಈಗಲೇ ಎರಡನ್ನೂ ಮಾಡ್ತಿರಲಿಲ್ಲ. ಸಮಯ ನಿಮ್ಮ ಕಡೆ ಇದೆ. ಕೊನೆಯ ಸೆಮಿಸ್ಟರ್‌ನಲ್ಲಿ ಪಾಠದ ಹೊರೆ ಸಾಮಾನ್ಯವಾಗಿ ಕಡಿಮೆ, ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್ ಇರುತ್ತೆ. ಮೆಣಸಿನಕಾಯಿ ಹಂಗಾಮು ಬರೋದೂ ಅದೇ ತಿಂಗಳುಗಳಲ್ಲಿ. ಆಫರ್ ಕೈಯಲ್ಲಿರಲಿ, ತಿರಸ್ಕರಿಸೋದು ಬೇಡ. ಈ ಹಂಗಾಮಿನಲ್ಲಿ ಒಂದೇ ಊರಿನ ಒಂದೇ ಗುಂಪಿನ ಜೊತೆ ಯಂತ್ರ ಓಡಿಸಲಿ. ದಿನಕ್ಕೆ ಎಷ್ಟು ಕಿಲೋ ಆಯಿತು, ಎಷ್ಟು ಕಾಯಿ ಮುರಿಯಿತು, ವರ್ತಕ ಎಷ್ಟು ಕೊಟ್ಟ, ಯಾವ ದಿನ ಕೊಟ್ಟ, ಹೆಂಗಸಿನ ಕೈಗೆ ಹಿಂದಿಗಿಂತ ಜಾಸ್ತಿ ಬಂತಾ ಕಡಿಮೆ ಬಂತಾ, ಒಂದು ಪುಸ್ತಕದಲ್ಲಿ ಬರೆದಿಡಲಿ. ತನ್ನ ಸಂಬಳವನ್ನೂ ಖರ್ಚಿನ ಕಡೆ ಬರೀಲಿ. 'ನನಗೇನೂ ಬೇಡ' ಅನ್ನುವ ಮಕ್ಕಳ ಲೆಕ್ಕ ಯಾವಾಗಲೂ ಲಾಭ ತೋರಿಸುತ್ತೆ, ಅದು ಸುಳ್ಳು ಲಾಭ. ಮೇ ತಿಂಗಳಲ್ಲಿ ಆ ಪುಸ್ತಕ ಮುಂದಿಟ್ಟುಕೊಂಡು ಅಪ್ಪ ಮಗಳು ಕೂತು ಮಾತಾಡಿ.

ವರ್ತಕರು ಒಂದು ಹಂಗಾಮು ಪೂರ್ತಿ ಕೆಲಸ ಕೊಟ್ಟು, ದುಡ್ಡನ್ನು ಸರಿಯಾಗಿ ಕೊಟ್ಟರೆ ಎರಡು ವರ್ಷದ ಅವಧಿ ಇಟ್ಟು ಮುಂದೆ ಹೋಗಲಿ. ಯಂತ್ರ ಸರಿ, ಗಿರಾಕಿ ಇಲ್ಲ ಅಂತಾದರೆ ಕೆಲಸಕ್ಕೋ ಫೆಲೋಶಿಪ್‌ಗೋ ಹೋಗಲಿ, ಪುಸ್ತಕ ಎತ್ತಿಟ್ಟಿರಲಿ. ಹೆಂಗಸರ ಕೂಲಿಯೇ ಕಡಿಮೆ ಆಯಿತು ಅಂತ ಗೊತ್ತಾದರೆ, ನಿಲ್ಲಿಸು ಅಂತ ನೀವು ಹೇಳಬೇಕಾಗಿಲ್ಲ. ಆ ಮನೆಯ ಹುಡುಗಿ ತಾನೇ ನಿಲ್ಲಿಸ್ತಾಳೆ.

ಸಾಲದ ಬಗ್ಗೆ ಒಂದು ಉಪಯೋಗದ ಮಾತು. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ, ಓದು ಮುಗಿಸಿ ಸ್ಟಾರ್ಟಪ್ ಮಾಡುವವರಿಗೆ ಇನ್‌ಕ್ಯುಬೇಶನ್ ಅವಧಿಗೂ ವಿನಾಯಿತಿ ಕೊಡಬಹುದು ಅಂತ ಇದೆ. ಕೊಡೋದು ಬಿಡೋದು ಬ್ಯಾಂಕಿಗೆ ಬಿಟ್ಟದ್ದು, ಆ ಅವಧಿಯಲ್ಲಿ ಬಡ್ಡಿ ಮಾತ್ರ ಸುಮ್ನೆ ಕೂತಿರಲ್ಲ. ನಿಮ್ಮ ಶಾಖೆಯಲ್ಲಿ ಲಿಖಿತವಾಗಿ ಕೇಳಿ. ಕೌಂಟರಿನಲ್ಲಿ ಬಾಯಿಮಾತಲ್ಲಿ ಕೇಳಿದರೆ 'ಹಂಗೇನಿಲ್ಲ' ಅನ್ನೋ ಉತ್ತರ ಬರೋದೇ ಜಾಸ್ತಿ.

ಇನ್ನು, ಪುಸ್ತಕದ ಮೊದಲ ಪುಟ ಬರೆಯೋ ಮುಂಚೆ ಆ ಯಂತ್ರವನ್ನು ಒಂದು ಭಾನುವಾರ ಮನೆಗೆ ತರೋಕೆ ಹೇಳಿ. ನಿಮ್ಮ ತಾಯಿಯ ಮುಂದೆ ಒಂದು ಚೀಲ ಕಾಯಿ ಸುರಿದು ಓಡಿಸಲಿ. ಬಹುಮಾನ ಕೊಟ್ಟ ತೀರ್ಪುಗಾರರು ಕೇಳದ ಪ್ರಶ್ನೆಗಳನ್ನು ಅವರು ಕೇಳ್ತಾರೆ. ಆಗ ನೀವು ಸ್ವಲ್ಪ ದೂರ ಕೂತು, ಸುಮ್ಮನೆ ಕೇಳಿಸಿಕೊಳ್ಳಿ.